ಅಕ್ಕನಿಗೆ ಒಯ್ದ ಗುಲಾಬಿ ಮೊಗ್ಗು

ಜೊರ್ದಾನೊ ಜೆನ್ನಾರೊ ಆಚೆ ದಡದ ಮೆಸ್ತ್ರೆ ಊರಿನಿಂದ ಬಂದ ಬಸ್ಸಿಳಿದು ವೆನಿಸ್ಸಿನ ನೆಲಕ್ಕೆ ಕಾಲಿಟ್ಟಾಗ ಅವನ ಕೈಯಲ್ಲಿದ್ದದ್ದು ಒಂದೇ ಒಂದು ಕೆಂಪು ಗುಲಾಬಿ ಮೊಗ್ಗು. ಉದ್ದ ತೊಟ್ಟಿನದು, ಇನ್ನೂ ಬಾಯಿ ಬಿಡದ್ದು. ಬೆಳಿಗ್ಗೆ ಬೇಗನೆ ಎದ್ದು ಅಡುಗೆಮನೆಯ ಚಾಕುವಿನಿಂದ ಅದರ ಮುಳ್ಳುಗಳನ್ನೆಲ್ಲ ಕೆರೆದು, ತೊಟ್ಟಿನ ತುದಿಗೆ ಒದ್ದೆ ಹತ್ತಿ ಸುತ್ತಿ ತಂದಿದ್ದ. ಮೈಮೇಲೆ ಮದುವೆಗೂ ಮಣ್ಣಿಗೂ ಹಾಕುವ ಕಪ್ಪು ಕೋಟು. ಮುಖ ಮಾತ್ರ ಆಗಲೇ ಗಂಟಿಕ್ಕಿಕೊಂಡಿತ್ತು.

ಗಂಟಿಕ್ಕದೆ ಏನು ಮಾಡೀತು? ನೀರಿನ ಬಸ್ಸು ಹತ್ತುವ ಕಟ್ಟೆಯಿಂದ ಶುರುವಾದ ಸಾಲು ಸುತ್ತಿ ಸುತ್ತಿ ರಸ್ತೆಯ ತನಕ ಬಂದಿತ್ತು. ಸಂತ ಮಾರ್ಕನ ಹಬ್ಬ, ದೇಶಕ್ಕೆಲ್ಲ ರಜೆ, ಮೇಲೆ ಒಳ್ಳೆ ಬಿಸಿಲು. ದೋಣಿ ಬಂತು, ತುಂಬಿತು, ಹೋಯಿತು. ಇನ್ನೊಂದು ಬಂತು, ಅದೂ ತುಂಬಿಕೊಂಡು ಹೋಯಿತು. ಸಾಲು ಮಾತ್ರ ಇದ್ದಲ್ಲೇ ಇತ್ತು.

"ಏನಪ್ಪಾ, ಕಸ್ತೆಲ್ಲೊ ಕಡೆ ಹೋಗೋರಿಗೆ ಇನ್ನೆಷ್ಟು ಹೊತ್ತು?" ಎಂದು ಹಗ್ಗ ಬಿಗಿಯುತ್ತಿದ್ದ ದೋಣಿಯವನನ್ನು ಕೇಳಿದ.

"ನನ್ನನ್ನ ಕೇಳಿದ್ರೆ ಏನು ಬಂತು ಯಜಮಾನ್ರೇ? ಲೋಕಕ್ಕೆ ಲೋಕವೇ ಇಲ್ಲಿ ಬಂದು ನಿಂತಿದೆ."

"ಇದರಲ್ಲಿ ನಮ್ಮೂರಿನವರು ಎಷ್ಟು ಜನ ಇದ್ದಾರೆ?"

"ನೀವು, ನಾನು. ನಾನೂ ಸಂಬಳಕ್ಕೆ ಬಂದವನು, ಇಲ್ದಿದ್ರೆ ಮನೇಲಿ ಬಿದ್ಕೊಂಡಿರ್ತಿದ್ದೆ."

ಜೊರ್ದಾನೊ ಸಾಲಿನಿಂದ ಹೊರಗೆ ಬಂದ. ನಡೆದೇ ಬಿಡುವುದು ಎಂದುಕೊಂಡ. ಎಡ ಮಂಡಿ ಆಗಲೇ ಬೇಡ ಬೇಡ ಎಂದು ಚುಚ್ಚಿತು. ಮೆಟ್ಟಿಲು ಹತ್ತಬೇಡಿ ಎಂದು ವೈದ್ಯರು ಹೇಳಿದ್ದರು. ಈ ಊರಿನಲ್ಲಿ ಮೆಟ್ಟಿಲು ಹತ್ತದೆ ನಡೆಯುವುದೆಂದರೆ ಮನೆಯ ಮುಂದಿನ ಓಣಿಯಲ್ಲೇ ಹಿಂದೆ ಮುಂದೆ ತಿರುಗುವುದು ಅಷ್ಟೆ. ಎಲ್ಲಿ ಹೋದರೂ ಕಾಲುವೆ, ಕಾಲುವೆ ಬಂದಲ್ಲೆಲ್ಲ ಸೇತುವೆ, ಸೇತುವೆ ಎಂದರೆ ಮೆಟ್ಟಿಲು.

ನಮ್ಮಲ್ಲಿ ಸಂತ ಮಾರ್ಕನ ದಿನ ಗಂಡಸಾದವನು ತನ್ನ ಮನೆಯ ಹೆಂಗಸಿಗೆ ಗುಲಾಬಿ ಮೊಗ್ಗು ಕೊಡಬೇಕು. ಹೆಂಡತಿಗೆ ಗಂಡ, ತಾಯಿಗೆ ಮಗ, ಮಗಳಿಗೆ ಅಪ್ಪ. ಬೊಕೊಲೊ ಎನ್ನುತ್ತಾರೆ ಅದಕ್ಕೆ. ಕಟ್ಟುಗಟ್ಟಲೆ ಹೂ ತಂದರೆ ಆಗದು, ಅರಳಿದ ಹೂವೂ ಆಗದು, ಒಂದೇ ಮೊಗ್ಗು. ಊರಿನ ಪೂರ್ವದ ಬಡಾವಣೆ ಕಸ್ತೆಲ್ಲೊದ ಬಾಲದಲ್ಲಿರುವ ನಮ್ಮ ಓಣಿಯಲ್ಲಂತೂ ಹೆಂಗಸರು ಅದನ್ನು ನೀರಿನ ಲೋಟದಲ್ಲಿಟ್ಟು ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಮಧ್ಯಾಹ್ನದ ಗಂಟೆ ಹೊಡೆದಾಗ ಹಸಿ ಬಟಾಣಿಯ ಅನ್ನ ಒಲೆಯಿಂದ ಇಳಿಯಬೇಕು, ಅಷ್ಟರೊಳಗೆ ಮೊಗ್ಗು ಬಂದಿರಬೇಕು. ಬರಿದಾದ ಕಿಟಕಿಯನ್ನು ಕಂಡರೆ ಎದುರು ಮನೆಯವರು ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದೇ ಇರಿಯುವುದು.

ಜೊರ್ದಾನೊನ ಅಕ್ಕ ವಾಂದಾ ಮದುವೆಯಾಗಲಿಲ್ಲ. ತಾಯಿ ಹೋದಾಗ ಅವನಿನ್ನೂ ಅಂಬೆಗಾಲಿನ ಕೂಸು. ಅವಳೇ ಸಾಕಿದಳು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲಿನ ಮರದ ತಟ್ಟೆಯಲ್ಲಿ ಗಾಜಿನ ಮಣಿಗಳನ್ನು ರಾಶಿ ಸುರಿದುಕೊಂಡು, ಬೀಸಣಿಗೆಯ ಹಾಗೆ ಹಿಡಿದ ಸೂಜಿಗಳಲ್ಲಿ ಪೋಣಿಸುತ್ತ ಪೋಣಿಸುತ್ತಲೇ ತಮ್ಮನ ತೊಟ್ಟಿಲನ್ನು ಕಾಲಿನಿಂದ ತೂಗುತ್ತಿದ್ದಳು. ಅಪ್ಪನೂ ತೀರಿಕೊಂಡ ವರ್ಷ ಸಂತ ಮಾರ್ಕನ ದಿನ ಅವಳ ಕಿಟಕಿ ಬರಿದಾಗಿದ್ದುದನ್ನು ಕಂಡು, ಇನ್ನೂ ಚಡ್ಡಿ ಹಾಕುತ್ತಿದ್ದ ಜೊರ್ದಾನೊ ಯಾರದೋ ತೋಟದ ಗೋಡೆ ಹಾರಿ ಮೊಗ್ಗು ಕಿತ್ತು ತಂದ. ಆವತ್ತಿನಿಂದ ತಪ್ಪಿಸಿರಲಿಲ್ಲ. ಮದುವೆಯಾಗಿ ಮೆಸ್ತ್ರೆಗೆ ಹೋದ ಮೇಲೂ ಹೆಂಡತಿಗೊಂದು, ಅಕ್ಕನಿಗೊಂದು. ಹೆಂಡತಿ ತೀರಿಕೊಂಡ ಮೇಲೆ ಅಕ್ಕನಿಗೊಂದೇ.

ಹೋದ ವರ್ಷ ತಪ್ಪಿತು. ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಕಸ್ತೆಲ್ಲೊ ಕಡೆ ಕೆಲಸಕ್ಕೆ ಹೋಗುವ ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಮೊಗ್ಗು ಕಳಿಸಿದ. ವಾಂದಾ ಅದನ್ನು ಮೆಟ್ಟಿಲ ಮೇಲಿಂದಲೇ ತಿರುಗಿಸಿ ಕಳಿಸಿದಳು. "ಅವನಿಗೆ ಕೈ ಬಿದ್ದು ಹೋಗಿದ್ಯಾ? ಕೈಯಿಂದ ಕೈಗೆ ಕೊಡದೆ ಇದ್ರೆ ಅದು ಮೊಗ್ಗಾ, ಸೊಪ್ಪಾ?" ಎಂದಳಂತೆ. ಅಂದಿನಿಂದ ಮಾತಿಲ್ಲ. ಇವನು ಫೋನು ಮಾಡಿದರೆ ಎತ್ತುತ್ತಾಳೆ, "ಅಕ್ಕಾ" ಅನ್ನುವಷ್ಟರಲ್ಲಿ ಇಡುತ್ತಾಳೆ. ಈಸ್ಟರ್ ಕಳೆದ ಮೇಲೆ ತಾನಾಗಿಯೇ ಫೋನು ಮಾಡಿ ಒಂದೇ ಉಸಿರಿಗೆ ಹೇಳಿದ್ದಳು: "ಸಂತ ಮಾರ್ಕನ ದಿನ ಗಂಟೆ ಹೊಡೆಯೋ ಹೊತ್ತಿಗೆ ಅನ್ನ ಇಳಿಸ್ತೀನಿ. ಅಷ್ಟರೊಳಗೆ ನಿನ್ನ ಕೈಯಿಂದ ಬಂದ್ರೆ ಬಂತು. ಇಲ್ದಿದ್ರೆ ಇನ್ನು ಈ ಮನೆ ಮೆಟ್ಟಿಲು ತುಳೀಬೇಡ." ಆಮೇಲೆ ಟಪ್ಪೆಂದು ಇಟ್ಟುಬಿಟ್ಟಳು.

ಅದಕ್ಕೇ ಈ ನಡಿಗೆ. ವಾಂದಾ ಬಾಯಲ್ಲಿ ಹೇಳಿದ್ದನ್ನು ಮಾಡುವವಳು ಎಂದು ತಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊದಲ ಸೇತುವೆಯ ನೆತ್ತಿಯಲ್ಲೇ ಜನ ಕಟ್ಟಿಕೊಂಡಿದ್ದರು. ಪ್ರತಿಯೊಬ್ಬರಿಗೂ ತಮ್ಮ ಮುಖ, ಹಿಂದೆ ಕಾಲುವೆ, ಎರಡೂ ಒಟ್ಟಿಗೆ ಫೋಟೋದಲ್ಲಿ ಬರಬೇಕು. "ಬಲಕ್ಕೆ! ಬಲಕ್ಕೆ ನಡೀರಪ್ಪಾ! ಸೇತುವೆ ಇರೋದು ದಾಟೋಕೆ!" ಎಂದು ಜೊರ್ದಾನೊ ಕೂಗಿದ. ಒಬ್ಬಳು ಅವನ ಕೈಯಲ್ಲಿದ್ದ ಮೊಗ್ಗನ್ನು ಕಂಡು ಎಷ್ಟು ಚೆಂದ ಎಂಬಂತೆ ಕೆನ್ನೆಗೆ ಕೈ ಹಚ್ಚಿ, ಅವನ ಫೋಟೋವನ್ನೂ ತೆಗೆದುಕೊಂಡಳು.

ಸೇತುವೆ ಇಳಿಯುತ್ತಿದ್ದಂತೆ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ ಹುಡುಗಿ ಜೋಡಿಯೊಂದು ಅಡ್ಡ ಬಂತು. "ರಿಯಾಲ್ತೊ? ರಿಯಾಲ್ತೊ?" ಎಂದರು.

"ನೇರ ಹೋಗಿ," ಎಂದ ಜೊರ್ದಾನೊ. ನಮ್ಮೂರಿನಲ್ಲಿ ಯಾರನ್ನು ಯಾವ ದಾರಿ ಕೇಳಿದರೂ ಇದೇ ಉತ್ತರ. ಮುಂದೆ ಮೂರು ಕವಲಿರಲಿ, ಗೋಡೆಯೇ ಇರಲಿ, ನೇರ. ಅವರು ಖುಷಿಯಾಗಿ ಹೋದರು. ತಾನು ಮಾತ್ರ ಎಡಕ್ಕೆ ತಿರುಗಿದ. ರಿಯಾಲ್ತೊ ಸೇತುವೆಗೆ ಇವತ್ತು ಹೋಗುವವನು ಹುಚ್ಚ. ಅವನ ತಲೆಯಲ್ಲಿ ಬೇರೆಯೇ ಲೆಕ್ಕವಿತ್ತು.

ಊರನ್ನು ಎರಡಾಗಿ ಸೀಳುವ ದೊಡ್ಡ ಕಾಲುವೆಯನ್ನು ದಾಟಬೇಕೆಂದರೆ ಆ ಸೇತುವೆಯೇ ಆಗಬೇಕೆಂದಿಲ್ಲ. ಕಡವುಗಳಿವೆ. ಈ ದಂಡೆಯಿಂದ ಆ ದಂಡೆಗೆ ಇಬ್ಬರು ಹುಟ್ಟು ಹಾಕುವ ದೋಣಿ, ಜನ ನಿಂತೇ ದಾಟುತ್ತಾರೆ. ಜೊರ್ದಾನೊ ತನ್ನ ಯೌವನವನ್ನೆಲ್ಲ ಅಂಥ ಒಂದು ಕಡವಿನಲ್ಲೇ ಸವೆಸಿದ್ದ. ಕೋಸುಗಡ್ಡೆಯ ಬುಟ್ಟಿ ಹಿಡಿದ ಹೆಂಗಸರು, ಪಾದ್ರಿಗಳು, ಒಮ್ಮೆ ಆಳೆತ್ತರದ ಗೋಡೆ ಗಡಿಯಾರವನ್ನು ತಬ್ಬಿಕೊಂಡ ರಿಪೇರಿಯವನೊಬ್ಬ, ಎಲ್ಲರನ್ನೂ ದಾಟಿಸಿದ್ದ. ಅಲ್ಲಿ ದಾಟಿಬಿಟ್ಟರೆ ರಿಯಾಲ್ತೊದ ನೂಕುನುಗ್ಗಲು ತಪ್ಪಿತು, ಅದರ ಮೆಟ್ಟಿಲೂ ತಪ್ಪಿತು. ಮಂಡಿ ಉಳಿಯಿತು, ಮೊಗ್ಗೂ ಉಳಿಯಿತು. ಹಾಗಂದುಕೊಂಡೇ ಓಣಿಗಳನ್ನು ಹೊಕ್ಕು ಹೊರಟ.

ಮೂಲೆಯೊಂದರಲ್ಲಿ ಹೋಟೆಲಿನ ಹುಡುಗನೊಬ್ಬ ತಿಂಡಿಯ ಪಟ್ಟಿ ಹಿಡಿದು ಇಂಗ್ಲಿಷಿನಲ್ಲಿ ಅವನ ದಾರಿಗೆ ಅಡ್ಡ ನಿಂತ.

"ನಾನು ಇಲ್ಲಿಯವನು ಕಣಯ್ಯಾ!" ಎಂದ ಜೊರ್ದಾನೊ.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ ಅಜ್ಜಾ, ಒಳಗೆ ಬನ್ನಿ. ಊರಿನವರು ಒಬ್ಬರಾದ್ರೂ ಕೂತಿದ್ರೆ ನಮ್ಮ ಹೋಟೆಲಿಗೆ ಮರ್ಯಾದೆ."

"ನಿಮ್ಮ ಸಾರಿನ ಬಣ್ಣ ನೋಡಿದ್ರೆ ನನ್ನ ಮರ್ಯಾದೆ ಹೋಗುತ್ತೆ," ಎಂದು ಅವನನ್ನು ದಾಟಿ ಹೋದ.

ಓಣಿ ಸಣ್ಣದಾಗುತ್ತಾ ಆಗುತ್ತಾ ಕೊನೆಗೆ ಎರಡು ಭುಜ ಹಿಡಿಸುವಷ್ಟಾಗಿ, ಅದರ ತುದಿಯಲ್ಲಿ ದೊಡ್ಡ ಕಾಲುವೆಯ ಹಸಿರು ನೀರು ಥಳಥಳಿಸಿತು. ಜೊರ್ದಾನೊನ ಎದೆ ಹಗುರಾಯಿತು. ನಾಲ್ಕು ಹೆಜ್ಜೆ ಹಾಕಿ ದಂಡೆಗೆ ಬಂದ.

ಕಟ್ಟೆಯೇ ಇರಲಿಲ್ಲ. ಮರದ ಹಲಗೆಗಳಿದ್ದಲ್ಲಿ ಪಾಚಿ ಹಿಡಿದ ಕಲ್ಲು. ದೋಣಿ ಕಟ್ಟುವ ಗೂಟಗಳಲ್ಲಿ ಒಂದು ಮಾತ್ರ ಉಳಿದು, ಅದರ ಮೇಲೆ ಕಡಲ ಹಕ್ಕಿಯೊಂದು ತನ್ನದೇ ಆಸ್ತಿಯೆಂಬಂತೆ ಕೂತಿತ್ತು. ಆಚೆ ದಂಡೆ ಕೈಗೆ ಎಟುಕುವ ಹಾಗೆ ಕಾಣುತ್ತಿತ್ತು.

ಮೇಲಿನ ಕಿಟಕಿಯಲ್ಲಿ ಹೆಂಗಸೊಬ್ಬಳು ಮೇಜಿನ ಬಟ್ಟೆ ಕೊಡವುತ್ತಿದ್ದಳು.

"ತಾಯೀ, ಕಡವು ಎಲ್ಲಿ ಹೋಯ್ತು?"

"ಕಡವಾ? ಅದು ನಿಂತು ಯಾವ ಕಾಲ ಆಯ್ತು! ಎಲ್ಲಿದ್ದೆ ನೀನು?"

"ಮೆಸ್ತ್ರೆಯಲ್ಲಿ."

"ಅದಕ್ಕೇ," ಎಂದು ರೊಟ್ಟಿಯ ಚೂರುಗಳನ್ನೆಲ್ಲ ಅವನ ಕೋಟಿನ ಮೇಲೆ ಕೊಡವಿ ಕಿಟಕಿ ಮುಚ್ಚಿದಳು.

ನಕ್ಷೆ ಹಿಡಿದು ಬಂದ ಹೊರಗಿನವನು ಈ ತಪ್ಪು ಮಾಡುತ್ತಿರಲಿಲ್ಲ. ಅವನ ನಕ್ಷೆಯಲ್ಲಿ ಈ ಕಡವು ಇದ್ದರೆ ತಾನೇ? ಹುಟ್ಟು ಹಾಕಿ ಅಂಗೈ ಗಟ್ಟಿಯಾದವನಿಗೆ ಮಾತ್ರ ಆಗುವ ತಪ್ಪು ಅದು. ಇಷ್ಟು ವರ್ಷ ಅಕ್ಕನ ಮನೆಗೆ ನೀರಿನ ಬಸ್ಸಿನಲ್ಲೇ ಬಂದು ಹೋಗುತ್ತಿದ್ದವನು ಈ ಕಡೆ ತಿರುಗಿಯೂ ನೋಡಿರಲಿಲ್ಲ. ತಾನು ಬಿಟ್ಟು ಹೋದದ್ದೆಲ್ಲ ತನಗಾಗಿ ಕಾಯುತ್ತ ಕೂತಿರುತ್ತದೆ ಎಂದುಕೊಂಡಿದ್ದ. ಜೊರ್ದಾನೊ ಗೂಟದ ಮೇಲಿನ ಹಕ್ಕಿಗೆ ಒಂದು ಬೈಗುಳ ಬೈದ. ಅದು ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ಅವನನ್ನು ನೋಡಿತು.

ಬಂದ ಓಣಿಯನ್ನೆಲ್ಲ ವಾಪಸು ನಡೆದು ರಿಯಾಲ್ತೊಗೇ ಹೋಗಬೇಕಾಯಿತು. ಸೇತುವೆಯ ಬುಡದಲ್ಲಿ ಆ ಚೀಲದ ಜೋಡಿ ಐಸ್‌ಕ್ರೀಮ್ ನೆಕ್ಕುತ್ತ ಆರಾಮವಾಗಿ ನಿಂತಿತ್ತು. ಅವನನ್ನು ಕಂಡು ಕೈ ಬೀಸಿ, ದಾರಿ ತೋರಿಸಿದ್ದಕ್ಕೆ ಉಪಕಾರ ಎಂದು ಕೂಗಿ ಹೇಳಿತು. ಜೊರ್ದಾನೊ ಹಲ್ಲು ಕಚ್ಚಿಕೊಂಡ.

ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿಲ್ಲ. ಒಬ್ಬನ ಬೆನ್ನಚೀಲ ತಿರುಗಿ ಮೊಗ್ಗಿಗೆ ರಪ್ಪೆಂದು ಬಡಿಯಿತು. ನೋಡುತ್ತಾನೆ, ಹೊರಗಿನ ಒಂದು ಎಸಳು ಬಾಗಿ ಕಪ್ಪಾಗಿದೆ. "ಅಯ್ಯೋ ನಿನ್ನ ಚೀಲಕ್ಕೆ ಬೆಂಕಿ ಬೀಳಾ!" ಎಂದ. ಇನ್ನು ಉಳಿದ ದಾರಿ ಒಂದೇ. ಕೈಯನ್ನು ನೆಟ್ಟಗೆ ಮೇಲಕ್ಕೆತ್ತಿ, ಮೊಗ್ಗನ್ನು ಎಲ್ಲರ ತಲೆಯ ಮೇಲೆ ಹಿಡಿದುಕೊಂಡು, ಮಂಡಿಯನ್ನು ಎಳೆದುಕೊಂಡು ಹತ್ತಿದ, ಇಳಿದ. ಹಾಗೇ ಮುಂದಿನ ಓಣಿಗೂ ನಡೆದ.

ಹೀಗೇ ಎರಡು ತಿರುವು ದಾಟಿದ ಮೇಲೆ ಬೆನ್ನ ಹಿಂದೆ ಬಹಳ ಕಾಲುಗಳ ಸದ್ದು ಕೇಳಿಸಿತು. ನಿಂತ. ಸದ್ದೂ ನಿಂತಿತು. ತಿರುಗಿ ನೋಡಿದರೆ ಒಂದೇ ಬಣ್ಣದ ಟೋಪಿ ಹಾಕಿಕೊಂಡ ಒಂದು ಹಿಂಡು, ಗಂಡಸರು ಹೆಂಗಸರು ಸೇರಿ, ಅವನ ಮುಖವನ್ನೇ ನೋಡುತ್ತ ನಿಂತಿದೆ. ಅವರ ಮುಂದಾಳು ಕೊಡೆಯನ್ನೋ ಬಾವುಟವನ್ನೋ ಎತ್ತಿ ಹಿಡಿದು ಹೋಗುತ್ತಿದ್ದನೇನೋ, ಜನಜಂಗುಳಿಯಲ್ಲಿ ಅವನನ್ನು ಕಳೆದುಕೊಂಡು ಜೊರ್ದಾನೊನ ಗುಲಾಬಿಯ ಹಿಂದೆ ಬಂದಿದ್ದಾರೆ.

"ನಾನಲ್ಲ! ನಾನಲ್ಲ! ಹೋಗಿ ಆ ಕಡೆ!" ಎಂದು ಕೈ ಬೀಸಿದ. ಕೈಯಲ್ಲಿ ಮೊಗ್ಗಿತ್ತಲ್ಲ, ಅವರು ಮೊಗ್ಗು ತೋರಿಸಿದ ಗೋಡೆಯ ಕಡೆ ನೋಡಿ ಫೋಟೋ ತೆಗೆದುಕೊಂಡರು.

ಇವರನ್ನು ಕಳಚಿಕೊಳ್ಳಲು ಅವನು ಬಿರಬಿರನೆ ಒಂದು ಮನೆಯ ಅಡಿಯಲ್ಲಿ ಹಾದು ಹೋಗುವ ಕತ್ತಲ ಹಾದಿಗೆ ನುಗ್ಗಿದ. ಹುಡುಗನಾಗಿದ್ದಾಗಿನ ಒಳದಾರಿ ಅದು. ಅದನ್ನು ದಾಟಿದರೆ ಎರಡು ಸೇತುವೆ ಹತ್ತುವುದು ತಪ್ಪುತ್ತದೆ. ಹಿಂಡೂ ಬಗ್ಗಿಕೊಂಡು ಹಿಂದೆಯೇ ನುಗ್ಗಿತು. ಹಾದಿಯ ತುದಿಯಲ್ಲಿ ಕಬ್ಬಿಣದ ಗೇಟು, ಗೇಟಿಗೆ ಬೀಗ, ಗೇಟಿನಾಚೆ ಯಾವುದೋ ಹೋಟೆಲಿನ ಹೂಕುಂಡಗಳು. ಜೊರ್ದಾನೊ ಗೇಟನ್ನು ಹಿಡಿದು ಅಲ್ಲಾಡಿಸಿದ. ಹಿಂದಿನವರು ಇದೂ ನೋಡತಕ್ಕ ವಸ್ತುವೇ ಇರಬೇಕೆಂದು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಆ ಕತ್ತಲಲ್ಲಿ ಅವನಿಗೆ ಅಳುವೇ ಬಂದಂತಾಯಿತು. ಹುಟ್ಟಿದ ಊರು, ಮಂಡಿ ನೋವು, ಎತ್ತಿ ಎತ್ತಿ ಸೋತ ಕೈ, ಬೆನ್ನ ಹಿಂದೆ ಗೊತ್ತಿಲ್ಲದ ಈ ಸಂತಾನ.

ಆ ಗುಂಪಿನ ದಪ್ಪ ಕನ್ನಡಕದ ಹೆಂಗಸೊಬ್ಬಳು ಮುಂದೆ ಬಂದಳು. ಅವನ ಮುಖ ನೋಡಿದಳು, ಮೊಗ್ಗು ನೋಡಿದಳು, ಕುಂಟುವ ಕಾಲು ನೋಡಿದಳು. ಏನು ಅರ್ಥವಾಯಿತೋ, ಫೋನು ತೆಗೆದು ಅವನ ಮುಂದೆ ಹಿಡಿದು, ಎಲ್ಲಿಗೆ ಎಂದು ಹುಬ್ಬಿನಲ್ಲೇ ಕೇಳಿದಳು. ಜೊರ್ದಾನೊ ಜೀವಮಾನದಲ್ಲಿ ಈ ಊರಿನಲ್ಲಿ ಯಾರನ್ನೂ ದಾರಿ ಕೇಳಿದವನಲ್ಲ. ಈಗ ಮೆಲ್ಲಗೆ ಅಕ್ಕನ ಮನೆಯ ಹತ್ತಿರದ ಚರ್ಚಿನ ಹೆಸರು ಹೇಳಿದ. ಅವಳು ಮುಂದೆ ನಡೆದಳು. ಅವನು ಅವಳ ಹಿಂದೆ, ಟೋಪಿಗಳು ಅವನ ಹಿಂದೆ. ದೊಡ್ಡ ಆಸ್ಪತ್ರೆಯ ಮುಂದಿನ ಚೌಕಕ್ಕೆ ಬಂದಾಗ ನಿಜವಾದ ಮುಂದಾಳು ಕೊಡೆ ಬೀಸಿಕೊಂಡು ಎಲ್ಲಿಂದಲೋ ಓಡಿ ಬಂದು ಹಿಂಡನ್ನು ಒಟ್ಟುಮಾಡಿಕೊಂಡ. ಕನ್ನಡಕದ ಹೆಂಗಸು ಮುಂದಿನ ದಾರಿಯನ್ನು ಕೈಯಲ್ಲಿ ತೋರಿಸಿ ಏನೋ ಅಂದಳು. ಅವಳ ಭಾಷೆ ಅವನಿಗೆ ಬಾರದು. ಆದರೂ ನೇರ ಹೋಗಿ ಎಂದಳೆಂದು ಗೊತ್ತಾಯಿತು.

ಅಲ್ಲಿಂದ ಮುಂದೆ ಜನ ತೆಳುವಾದರು. ಒಣಗಹಾಕಿದ ಬಟ್ಟೆ, ಬಟಾಣಿ ಬೇಯುವ ವಾಸನೆ, ಕಿಟಕಿ ಕಿಟಕಿಯಲ್ಲೂ ಲೋಟದೊಳಗೆ ಕೆಂಪು ಮೊಗ್ಗು. ಕಾಲಿನಲ್ಲಿ ಬಲವಿಲ್ಲದಿದ್ದರೂ ಗೋಡೆ ಹಿಡಿದು ನಡೆದ. ಕೊನೆಯ ಸೇತುವೆಯ ಬುಡಕ್ಕೆ ಬಂದಾಗ ಕಾಲುವೆಯ ಆಚೆ ಮಹಡಿಯ ಮೇಲೆ ವಾಂದಾಳ ಕಿಟಕಿ ಕಂಡಿತು. ಕಟ್ಟೆಯ ಮೇಲೆ ಬರಿಯ ಲೋಟ. ಲೋಟದ ಹಿಂದೆ ವಾಂದಾ.

ಅಷ್ಟರಲ್ಲಿ ಗಂಟೆ ಹೊಡೆಯಲು ಶುರುವಾಯಿತು. ಜೊರ್ದಾನೊ ಮೆಟ್ಟಿಲ ಮೇಲೆ ಕಾಲಿಡಲು ಹೋದ. ಮಂಡಿ ಮಡಚಲೂ ಒಲ್ಲದು, ನೆಟ್ಟಗಾಗಲೂ ಒಲ್ಲದು.

"ಬಂದ್ಯಾ?" ಎಂದು ಅಕ್ಕ ಕೂಗಿದಳು. "ಗಂಟೆ ಕೇಳಿಸ್ತಾ ಇದ್ಯಾ?"

"ಕಿವಿ ಚೆನ್ನಾಗಿದೆ ಅಕ್ಕಾ."

"ಮತ್ಯಾಕೆ ಅಲ್ಲಿ ನಿಂತೆ? ವಾಲಗದವರನ್ನ ಕಳಿಸ್ಬೇಕಾ?"

"ಕಾಲು ಬರ್ತಾ ಇಲ್ಲ."

"ಏನು?"

"ಕಾಲು! ಕಾಲು!"

"ಕಾಲು ಬರಲ್ವಂತೆ! ಇಲ್ಲೀ ತನಕ ಯಾರ ಕಾಲಲ್ಲಿ ಬಂದೆ? ಸೇತುವೆ ಕಂಡ ಕೂಡಲೇ ನೋವು ಬಂತಾ? ಚಿಕ್ಕೋನಿದ್ದಾಗ ಶಾಲೆ ಕಂಡ ಕೂಡಲೇ ಹೊಟ್ಟೆನೋವು ಬರ್ತಿತ್ತಲ್ಲ, ಹಂಗೆ!"

ಈಚೆ ದಂಡೆಯ ಕೆಳಮನೆಯ ನೀವೆಸ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಕೊಡಿ ಜೊರ್ದಾನೊ, ನಾನು ಒಂದೇ ಓಟಕ್ಕೆ ಕೊಟ್ಟು ಬರ್ತೀನಿ. ಪಾಪ, ಬೆವರು ನೋಡಿ ಹೆಂಗಿಳೀತಿದೆ."

"ಮುಟ್ಟಬೇಡ ನೀವೆಸ್!" ಎಂದು ಮೇಲಿಂದ ವಾಂದಾ ಅರಚಿದಳು. "ಹೋದ ವರ್ಷವೂ ಇದೇ ಆಟ ಆಡಿದಾನೆ ಅವನು!"

"ಮುಟ್ಟಬೇಡಿ," ಎಂದ ಜೊರ್ದಾನೊನೂ. ಈ ಒಂದು ಮಾತಿನಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ.

ವಾಂದಾ ಕಿಟಕಿಯಿಂದ ಮಾಯವಾದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆದು, ಅಡುಗೆಯ ಬಟ್ಟೆಯಲ್ಲೇ, ಒಂದು ಕಾಲಿನ ಚಪ್ಪಲಿ ಸರಿಯಾಗಿ ಮೆಟ್ಟದೆ, ಆಚೆ ಬದಿಯ ಮೆಟ್ಟಿಲನ್ನು ದಡದಡನೆ ಹತ್ತಿ ಸೇತುವೆಯ ನೆತ್ತಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅರ್ಧ ನಾನು ಬಂದೆ. ಇನ್ನರ್ಧ ನಿಂದು."

"ಅಕ್ಕಾ, ಹೇಳೋದು ಸ್ವಲ್ಪ ಕೇಳು..."

"ಕೇಳೋದೆಲ್ಲ ಆಮೇಲೆ. ಹತ್ತು."

ಜೊರ್ದಾನೊ ಅವಳ ತನಕದ ಮೆಟ್ಟಿಲುಗಳನ್ನು ಕಣ್ಣಿನಲ್ಲೇ ಎಣಿಸಿದ. ಆಮೇಲೆ ಅವಳಿಗೆ ಬೆನ್ನು ತಿರುಗಿಸಿದ. ಹೊರಟೇ ಹೋದನೇನೋ ಎಂದು ನೀವೆಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಮೊದಲ ಮೆಟ್ಟಿಲ ಮೇಲೆ ಕುಂಡೆಯೂರಿ ಕೂತ. ಕೆಟ್ಟ ಕಾಲನ್ನು ಮುಂದೆ ಚಾಚಿಕೊಂಡು, ಒಂದು ಕೈಯನ್ನು ಹಿಂದಕ್ಕೂರಿ, ಇನ್ನೊಂದು ಕೈಯಲ್ಲಿ ಮೊಗ್ಗನ್ನು ಎತ್ತಿ ಹಿಡಿದು, ಒಳ್ಳೆ ಕಾಲಿನಿಂದ ಒದ್ದು ಹಿಂದುಹಿಂದಕ್ಕೆ ಮೇಲಿನ ಮೆಟ್ಟಿಲಿಗೆ ಜಾರಿದ. ಮತ್ತೆ ಅದರ ಮೇಲಿನದಕ್ಕೆ. ಕಪ್ಪು ಕೋಟಿನ ಬಾಲ ಕಲ್ಲನ್ನೆಲ್ಲ ಗುಡಿಸಿತು. ಅತ್ತ ಬಂದ ಪ್ರವಾಸಿಗಳಿಬ್ಬರು ಇದು ಹಬ್ಬದ ಯಾವುದೋ ಹರಕೆ ಎಂದುಕೊಂಡು ಭಕ್ತಿಯಿಂದ ನಿಂತರು. ಒಬ್ಬಳು ಫೋನು ಎತ್ತಿದಳು.

"ಏನ್ ನೋಡ್ತೀರಾ? ನಿಮ್ಮನೇಲಿ ತಮ್ಮಂದಿರಿಲ್ವಾ?" ಎಂದು ವಾಂದಾ ಅವರ ಮೇಲೆ ಹರಿಹಾಯ್ದಳು.

ಅವನು ನಡುದಾರಿಯಲ್ಲಿದ್ದಾಗ ಗಂಟೆ ನಿಂತಿತು. ಎಲ್ಲರಿಗೂ ಅದು ಕೇಳಿಸಿತು. ವಾಂದಾಳಿಗೂ ಕೇಳಿಸಿತು. ಅವಳು ಸೊಂಟದ ಮೇಲಿನ ಕೈ ಇಳಿಸಿ ಅಲ್ಲೇ ಕಾದಳು.

ನೆತ್ತಿಯ ಮೆಟ್ಟಿಲಿಗೆ ಬಂದು ಅವನು ಏದುಸಿರು ಬಿಡುತ್ತ ಮೊಗ್ಗನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದ. ಅವಳು ತೆಗೆದುಕೊಂಡಳು. ಕಪ್ಪಾದ ಎಸಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೆಳಗೆ ನೋಡಿದಳು. ಪ್ಯಾಂಟಿನ ಮೇಲೂ ಗೊತ್ತಾಗುವಷ್ಟು ಮಂಡಿ ಊದಿತ್ತು.

"ಏಳು," ಎಂದಳು. ಅವನಿಂದ ಏಳಲಾಗಲಿಲ್ಲ. ಎರಡೂ ಕೈಗಳನ್ನು ಅವನ ಕಂಕುಳಿಗೆ ಕೊಟ್ಟೇ ಎತ್ತಬೇಕು, ಮೊಗ್ಗನ್ನು ನೆಲಕ್ಕಿಡುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತೆಯೂ ಇಲ್ಲ. ವಾಂದಾ ತೊಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಗ್ಗಿ, ಅವನನ್ನು ಎತ್ತಿದಳು.

"ವಾಂದಾ, ಅನ್ನ ತಳ ಹಿಡಿದ ವಾಸನೆ ಬರ್ತಿದೆ ಕಣೇ!" ಎಂದು ನೀವೆಸ್ ಕೆಳಗಿನಿಂದ ಕೂಗಿದಳು.

"ಮ್ಮ್ಮ್!" ಎಂದಳು ವಾಂದಾ.

ಆಗ ಜೊರ್ದಾನೊ ಬಾಯಿ ಬಿಟ್ಟ. "ಹೋದ ವರ್ಷವೂ ಕಾಲು ಹಿಂಗೇ ಇತ್ತು. ಇದಕ್ಕಿಂತ ಜಾಸ್ತಿ ಇತ್ತು. ಮಂಚದಿಂದ ಇಳಿಯೋಕಾಗ್ದೆ ಆ ಹುಡುಗಿ ಕೈಲಿ ಕಳಿಸ್ದೆ. ಹೇಳೋಣ ಅಂತ ಫೋನು ಮಾಡಿದ್ರೆ ನೀನು ಇಡ್ತಿದ್ದೆ. ಇವತ್ತು ದೋಣಿ ಸಿಗಲಿಲ್ಲ, ಕಡವು ಹೋಯ್ತು, ಒಳದಾರಿಗೆ ಬೀಗ ಹಾಕಿದ್ದಾರೆ, ಹೊರಗಿನ ಹೆಂಗಸೊಬ್ಬಳು ನನಗೆ ನಮ್ಮೂರಿನ ದಾರಿ ತೋರಿಸಿದಳು, ನನಗೆ! ಕೇಳಿಸ್ತಾ ಅಕ್ಕಾ?"

ಅವನು ನೆಟ್ಟಗೆ ನಿಂತಾಗಿತ್ತು. ವಾಂದಾಳ ಒಂದು ಕೈ ಅವನ ತೋಳಿನಲ್ಲಿತ್ತು, ಇನ್ನೊಂದು ಖಾಲಿಯಾಗಿತ್ತು. ಬಯ್ಯಬೇಕೆಂದಿದ್ದರೆ ಬಯ್ಯಬಹುದಾಗಿತ್ತು. ಅವಳು ಮೊಗ್ಗನ್ನು ಬಾಯಿಂದ ತೆಗೆಯಲಿಲ್ಲ. ಅವನು ಪೂರ್ತಿ ಹೇಳಿ ಮುಗಿಸುವ ತನಕ ಹಾಗೇ ಕಚ್ಚಿಕೊಂಡು, ಮನೆಯ ಕಡೆಗೆ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದಳು.